ಪ್ರೋಟೀನುಗಳನ್ನು ತೂಗಿ ಗುರುತಿಸುವ ವಿಜ್ಞಾನ

ಕೇಳುಗರಿಗೆ ನಮಸ್ಕಾರ. 2014ರ ಮೇ ತಿಂಗಳ ಕೊನೆಯಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮಾನವ ದೇಹದ ಪ್ರೋಟೀನುಗಳ ಎರಡು ಕರಡು ನಕ್ಷೆಗಳು ಪ್ರಕಟವಾದವು. ಒಂದನ್ನು ಸಿದ್ಧಪಡಿಸಿದವರು ಜರ್ಮನಿಯ ಮ್ಯೂನಿಕ್‌ನಲ್ಲಿ ಬರ್ನ್‌ಹಾರ್ಡ್ ಕುಸ್ಟರ್ ಅವರ ತಂಡದವರು. ಇನ್ನೊಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ ಕೈಗೊಂಡ ಕೆಲಸ. ಇಂದು ನಾನು ಮಾತನಾಡಬೇಕೆಂದಿರುವುದು ಈ ಎರಡನೆಯ ನಕ್ಷೆಯ ಬಗ್ಗೆ ಮತ್ತು ಅದನ್ನು ಸಾಧ್ಯವಾಗಿಸಿದ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ದ್ರವ್ಯರಾಶಿಯನ್ನು ಅಳೆದು ಅಣುಗಳನ್ನು ಗುರುತಿಸುವ ವಿಧಾನದ ಬಗ್ಗೆ.

ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿದಾಗ ನಮ್ಮ ಜೀನುಗಳ ಪಟ್ಟಿ ಬಹುಮಟ್ಟಿಗೆ ಕೈಗೆ ಬಂದಿತ್ತು. ಆದರೆ ಯಕೃತ್ತಿನ ಜೀವಕೋಶದಲ್ಲೂ ಕಣ್ಣಿನ ಅಕ್ಷಿಪಟಲದ ಜೀವಕೋಶದಲ್ಲೂ ಇರುವುದು ಅದೇ ಜೀನುಗಳು. ಯಕೃತ್ತು ಆಲ್ಬುಮಿನ್ ತಯಾರಿಸುತ್ತದೆ, ಅಕ್ಷಿಪಟಲ ಬೆಳಕನ್ನು ಹಿಡಿಯುವ ರೊಡಾಪ್ಸಿನ್ ತಯಾರಿಸುತ್ತದೆ. ಯಾವ ಅಂಗಾಂಶದಲ್ಲಿ ಯಾವ ಪ್ರೋಟೀನು ನಿಜವಾಗಿಯೂ ಇದೆ ಎಂಬುದನ್ನು ಜೀನುಗಳ ಪಟ್ಟಿ ಹೇಳಲಾರದು; ಅದನ್ನು ಪ್ರೋಟೀನುಗಳನ್ನೇ ಹೊರತೆಗೆದು ನೋಡಿ ತಿಳಿಯಬೇಕು.

ನೋಡುವುದು ಹೇಗೆ? ಅಂಗಾಂಶದಿಂದ ಬೇರ್ಪಡಿಸಿದ ಪ್ರೋಟೀನುಗಳಿಗೆ ಮೊದಲು ಟ್ರಿಪ್ಸಿನ್ ಎಂಬ ಕಿಣ್ವವನ್ನು ಸೇರಿಸುತ್ತಾರೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದರಲ್ಲಿ ಲೈಸೀನ್ ಅಥವಾ ಆರ್ಜಿನೀನ್ ಬಂದ ಕಡೆಯಲ್ಲೆಲ್ಲ, ಅದರ ಮುಂದಿನ ಕೊಂಡಿಯನ್ನು ಟ್ರಿಪ್ಸಿನ್ ಕತ್ತರಿಸುತ್ತದೆ. ಹೀಗೆ ಸಿಗುವ ತುಣುಕುಗಳೇ ಪೆಪ್ಟೈಡುಗಳು. ಇವನ್ನು ಕೂದಲೆಳೆಯಷ್ಟು ಸಣ್ಣ ರಂಧ್ರದ ಕೊಳವೆಯ ಮೂಲಕ ಹಾಯಿಸಿ ಒಂದರಿಂದ ಒಂದನ್ನು ಬಿಡಿಸಿ, ಕೊಳವೆಯ ತುದಿಯಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ ಒತ್ತಡಕ್ಕೆ ಒಡ್ಡಿದಾಗ ದ್ರವವು ಅತಿ ಸಣ್ಣ ಹನಿಗಳಾಗಿ ಸಿಡಿದು, ಹನಿಗಳು ಆರಿ, ಪೆಪ್ಟೈಡುಗಳು ವಿದ್ಯುದಾವೇಶ ಹೊತ್ತ ಅಯಾನುಗಳಾಗಿ ಯಂತ್ರದೊಳಕ್ಕೆ ಸೇರುತ್ತವೆ. ದೊಡ್ಡ ಜೈವಿಕ ಅಣುಗಳನ್ನು ಹಾಳುಮಾಡದೆ ಹೀಗೆ ಗಾಳಿಗೇರಿಸುವ ವಿಧಾನವನ್ನು ರೂಪಿಸಿದ ಜಾನ್ ಫೆನ್ ಅವರಿಗೆ 2002ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆತದ್ದು ನ್ಯಾಯವೇ ಸರಿ.

ಪಾಂಡೆ ಅವರ ತಂಡ ಬಳಸಿದ್ದು ಆರ್ಬಿಟ್ರ್ಯಾಪ್ ಜಾತಿಯ ಯಂತ್ರಗಳನ್ನು. ಅಲೆಕ್ಸಾಂಡರ್ ಮಕಾರೋವ್ ರೂಪಿಸಿದ ಈ ಯಂತ್ರದ ಹೃದಯ ಭಾಗದಲ್ಲಿ ಕದಿರಿನ ಆಕಾರದ ಒಂದು ವಿದ್ಯುದ್ವಾರವಿದೆ. ಅಯಾನುಗಳು ಅದನ್ನು ಸುತ್ತುತ್ತಲೇ ಅದರ ಉದ್ದಕ್ಕೂ ಹಿಂದೆ ಮುಂದೆ ತೂಗಾಡುತ್ತವೆ. ಒಂದೇ ಪ್ರಮಾಣದ ವಿದ್ಯುದಾವೇಶವಿರುವ ಅಯಾನುಗಳಲ್ಲಿ ಭಾರವಾದವು ನಿಧಾನವಾಗಿಯೂ ಹಗುರವಾದವು ಬೇಗಬೇಗನೆಯೂ ತೂಗಾಡುವುದರಿಂದ, ಆ ಆವರ್ತನವನ್ನು ಅಳೆದರೆ ದ್ರವ್ಯರಾಶಿ ಅತ್ಯಂತ ನಿಖರವಾಗಿ ತಿಳಿಯುತ್ತದೆ.

ಇಡೀ ಪೆಪ್ಟೈಡಿನ ತೂಕವೊಂದೇ ಸಾಲದು. ಆದ್ದರಿಂದ ಒಂದೊಂದು ಬಗೆಯ ಪೆಪ್ಟೈಡನ್ನು ಆರಿಸಿ, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆಯುತ್ತಾರೆ. ಈ ವಿಜ್ಞಾನದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದ ಹಂತ ಇದೇ. ಒಡೆದ ಚೂರುಗಳು ಪರದೆಯ ಮೇಲೆ ಸಾಲು ಗೆರೆಗಳಾಗಿ ಮೂಡುತ್ತವೆ. ಎರಡು ಗೆರೆಗಳ ನಡುವಿನ ದ್ರವ್ಯರಾಶಿಯ ವ್ಯತ್ಯಾಸ 57 ಡಾಲ್ಟನ್, ಅಂದರೆ ಸುಮಾರು 57 ಹೈಡ್ರೋಜನ್ ಪರಮಾಣುಗಳ ತೂಕದಷ್ಟು ಇದ್ದರೆ ಅಲ್ಲಿರುವುದು ಗ್ಲೈಸೀನ್, 71 ಇದ್ದರೆ ಅಲನೀನ್, 87 ಇದ್ದರೆ ಸೆರೀನ್. ಆ ಸೆರೀನಿಗೆ ಫಾಸ್ಫೇಟ್ ಗುಂಪು ಅಂಟಿಕೊಂಡಿದ್ದರೆ ವ್ಯತ್ಯಾಸ ಇನ್ನೂ 80ರಷ್ಟು ಹೆಚ್ಚುತ್ತದೆ. ಜೀವಕೋಶವು ಪ್ರೋಟೀನುಗಳನ್ನು ಚಾಲೂ ಮಾಡುವುದಕ್ಕೂ ತಡೆಯುವುದಕ್ಕೂ ಬಳಸುವ ಗುರುತುಗಳಲ್ಲಿ ಇದೂ ಒಂದು. ವ್ಯತ್ಯಾಸ 113 ಬಂದರೆ ಮಾತ್ರ ಅದು ಲ್ಯೂಸೀನೋ ಐಸೋಲ್ಯೂಸೀನೋ ಎಂದು ತೂಕದಿಂದ ಹೇಳಲಾಗದು, ಏಕೆಂದರೆ ಎರಡರ ದ್ರವ್ಯರಾಶಿಯೂ ಒಂದೇ. ಪ್ರಯೋಗಾಲಯದಲ್ಲಿ ಕೈಗವಸು ಹಾಕದೆ ಮಾದರಿಯನ್ನು ಮುಟ್ಟಿದರೆ, ನಮ್ಮ ಚರ್ಮದ ಕೆರಾಟಿನ್ ಕೂಡ ಈ ಗೆರೆಗಳ ನಡುವೆ ಕಾಣಿಸಿಕೊಳ್ಳುತ್ತದೆ.

ವಯಸ್ಕರ 17 ಅಂಗಾಂಶಗಳು, ಭ್ರೂಣದ 7 ಅಂಗಾಂಶಗಳು, ರಕ್ತದಿಂದ ಬೇರ್ಪಡಿಸಿದ 6 ಬಗೆಯ ಕೋಶಗಳು, ಹೀಗೆ ಒಟ್ಟು 30 ಬಗೆಯ ಮಾದರಿಗಳನ್ನು ತಂಡ ಪರೀಕ್ಷಿಸಿತು. 17,294 ಜೀನುಗಳ ಪ್ರೋಟೀನುಗಳು ಗುರುತಿಗೆ ಸಿಕ್ಕವು. ಇದು ಆಗ ತಿಳಿದಿದ್ದ ಪ್ರೋಟೀನು ಜೀನುಗಳಲ್ಲಿ ಶೇಕಡಾ 84ರಷ್ಟು. ಪ್ರೋಟೀನು ತಯಾರಿಸುವುದಿಲ್ಲವೆಂದು ಎಣಿಸಿದ್ದ ಭಾಗಗಳೂ ಸೇರಿ, ಜೀನೋಮಿನ 193 ಹೊಸ ಜಾಗಗಳಿಂದ ಪ್ರೋಟೀನು ಬರುತ್ತಿದೆಯೆಂದು ತಂಡ ವರದಿ ಮಾಡಿತು. ಬೆಂಗಳೂರಿನ ಸಂಸ್ಥೆ 2002ರಲ್ಲಿ ಆರಂಭವಾದಂದಿನಿಂದ ಪ್ರೋಟೀನುಗಳ ಮಾಹಿತಿಯನ್ನು ಪ್ರಬಂಧಗಳಿಂದ ಹೆಕ್ಕಿ, ಓದಿ, ದತ್ತಕೋಶವಾಗಿ ಜೋಡಿಸುತ್ತ ಬಂದಿತ್ತು. ಹೆಸರಿಗೆ ಬಾರದ ಇಂಥ ತಾಳ್ಮೆಯ ಕೆಲಸದ ಬೆಂಬಲವಿಲ್ಲದೆ ಯಂತ್ರ ಕೊಡುವ ಗೆರೆಗಳಿಗೆ ಅರ್ಥ ಹಚ್ಚುವುದು ಕಷ್ಟ.

ನಕ್ಷೆ ಪ್ರಕಟವಾದ ವರ್ಷವೇ ಅದರ ಮೇಲೆ ಗಂಭೀರ ಆಕ್ಷೇಪವೂ ಬಂತು. ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ಎರಡೂ ನಕ್ಷೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವು, ಆದರೆ ಮೂಗಿನ ಅಂಗಾಂಶವನ್ನು ಪರೀಕ್ಷೆಗೆ ತೆಗೆದುಕೊಂಡೇ ಇರಲಿಲ್ಲ. ಲಕ್ಷಾಂತರ ಗೆರೆಚಿತ್ರಗಳನ್ನು ಕಂಪ್ಯೂಟರ್ ದತ್ತಕೋಶದೊಡನೆ ಹೋಲಿಸುವಾಗ ಕೆಲವು ಆಕಸ್ಮಿಕವಾಗಿ ಹೊಂದಿಕೆಯಾಗುವುದು ಅನಿವಾರ್ಯ. ಇದರ ಪ್ರಮಾಣವನ್ನು ಅಂದಾಜಿಸಲು ಅಮೈನೋ ಆಮ್ಲಗಳ ಕ್ರಮವನ್ನು ತಿರುಗುಮುರುಗು ಮಾಡಿದ ಸುಳ್ಳು ಪ್ರೋಟೀನುಗಳನ್ನೂ ದತ್ತಕೋಶಕ್ಕೆ ಸೇರಿಸಿ, ಅವುಗಳಿಗೆ ಎಷ್ಟು ಹೊಂದಿಕೆ ಸಿಗುತ್ತದೆಂದು ನೋಡುತ್ತಾರೆ. ಪೆಪ್ಟೈಡುಗಳ ಮಟ್ಟದಲ್ಲಿ ತಪ್ಪು ಶೇಕಡಾ 1ರೊಳಗಿದ್ದರೂ ಪ್ರೋಟೀನುಗಳ ಮಟ್ಟದಲ್ಲಿ ಅದು ಕೂಡುತ್ತ ಹೋಗಿ ಹೆಚ್ಚಾಗಬಹುದು. ಈ ವಿಮರ್ಶೆಯಿಂದ ಕ್ಷೇತ್ರಕ್ಕೆ ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಮುಂದೆ, ಪ್ರೋಟಿಯೋಮ್ ಅಂದರೆ ದೇಹದ ಎಲ್ಲ ಪ್ರೋಟೀನುಗಳ ಸಮೂಹವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಸ್ಥೆಯಾದ ಮಾನವ ಪ್ರೋಟಿಯೋಮ್ ಸಂಘಟನೆಯು ಒಂದು ಪ್ರೋಟೀನು ಇದೆಯೆಂದು ಒಪ್ಪಬೇಕಾದರೆ ಸಾಕಷ್ಟು ಉದ್ದವಿರುವ, ಬೇರೆ ಪ್ರೋಟೀನುಗಳಲ್ಲಿ ಕಾಣದ ಎರಡು ಪೆಪ್ಟೈಡುಗಳಾದರೂ ಸಿಗಲೇಬೇಕೆಂಬ ಬಿಗಿಯಾದ ನಿಯಮ ಮಾಡಿತು. ಆ ಬಿಗಿಯ ಅಳತೆಯಲ್ಲೇ 2020ರ ಹೊತ್ತಿಗೆ ಮಾನವ ಪ್ರೋಟೀನುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವಕ್ಕೆ ಪುರಾವೆ ದೊರೆತಿದೆಯೆಂದು ಸಂಘಟನೆ ಪ್ರಕಟಿಸಿತು.

ಈಗಿನ ಶ್ರಮದ ಒಂದು ಪಾಲು ಒಂದೇ ಒಂದು ಜೀವಕೋಶದ ಪ್ರೋಟೀನುಗಳನ್ನು ಅಳೆಯುವುದರ ಕಡೆಗೆ ತಿರುಗಿದೆ. ಡಿಎನ್‌ಎಯನ್ನು ಪಿಸಿಆರ್ ವಿಧಾನದಿಂದ ಬೇಕಾದಷ್ಟು ಪಟ್ಟು ಹೆಚ್ಚಿಸಿಕೊಳ್ಳಬಹುದು; ಪ್ರೋಟೀನಿಗೆ ಅಂಥ ದಾರಿಯಿಲ್ಲ. ಕೋಶದಲ್ಲಿ ಎಷ್ಟು ಪ್ರತಿಗಳಿವೆಯೋ ಅಷ್ಟನ್ನೇ, ದಾರಿಯಲ್ಲಿ ಕೊಳವೆಗೂ ಪಾತ್ರೆಗೂ ಅಂಟಿ ನಷ್ಟವಾಗದಂತೆ, ಯಂತ್ರದ ತನಕ ತಲುಪಿಸಬೇಕಾಗಿದೆ.