ಜೂನ್ ಮೋಡ, ಮಾರ್ಚ್ ದ್ರಾಕ್ಷಿ

ಕೇಳುಗರಿಗೆಲ್ಲ ನಮಸ್ಕಾರ.

ಈಗ ಏಪ್ರಿಲ್. ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು ಬೋಳಾಗಿ ನಿಂತಿವೆ. ಹಣ್ಣು ಇಳಿದಾಗಿದೆ. ಸುಡುವ ಬಿಸಿಲಲ್ಲಿ ಜನ ಕತ್ತರಿ ಹಿಡಿದು, ಒಂದೆರಡು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಮಾತ್ರ ಉಳಿಸಿ ಕಡ್ಡಿಗಳನ್ನೆಲ್ಲ ಕತ್ತರಿಸುತ್ತಿದ್ದಾರೆ. ನಮ್ಮ ಕಡೆ ಇದಕ್ಕೆ ಏಪ್ರಿಲ್ ಚಾಟ್ನಿ ಅಂತಾರೆ. ಮುಂದಿನ ಮಾರ್ಚಿಗೆ ನೀವು ತಿನ್ನುವ ಹಣ್ಣಿನ ಲೆಕ್ಕ ಇಲ್ಲಿಂದ ಶುರು.

ಚಾಟ್ನಿ ಆದಮೇಲೆ ಹೊಸ ಚಿಗುರು ಬರುತ್ತದೆ. ಒಂದೊಂದು ಎಲೆಯ ಬುಡದಲ್ಲೂ ಒಂದು ಕಣ್ಣು ಕೂರುತ್ತದೆ. ಸುಮಾರು 40 ದಿನಕ್ಕೆ ಆ ಕಣ್ಣಿನೊಳಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಂಟೊಂದು ಮೂಡುತ್ತದೆ. ಅದು ಗೊನೆಯೂ ಆಗಬಹುದು, ತಂತಿಗೆ ಸುತ್ತಿಕೊಳ್ಳುವ ಬರೀ ಕುಡಿಯೂ ಆಗಬಹುದು. ಎರಡರ ಹುಟ್ಟೂ ಒಂದೇ. ಎಲೆಯ ಮೇಲೆ ಚೆನ್ನಾಗಿ ಬಿಸಿಲು ಬಿದ್ದರೆ ಗೊನೆ. ವಾರಗಟ್ಟಲೆ ಮೋಡ ಮುಸುಕಿದರೆ ಕುಡಿ ಜಾಸ್ತಿ. ಚಾಟ್ನಿ ತಡವಾಯಿತೋ, ಈ ಸೂಕ್ಷ್ಮ ದಿನಗಳು ನೇರ ಮೃಗಶಿರಾ ಮಳೆಯ ಮೋಡದ ಕೆಳಗೆ ಬಂದು ನಿಲ್ಲುತ್ತವೆ. ಮೇಲೆ ನೋಡಿದರೆ ಬಳ್ಳಿ ಹಸಿರಾಗಿ, ಸೊಂಪಾಗಿಯೇ ಇರುತ್ತದೆ. ಗೊನೆ ಕಡಿಮೆ ಅಂತ ಗೊತ್ತಾಗುವುದು ಹಣ್ಣಿಗಾಗಿ ಎರಡನೇ ಸಲ ಕತ್ತರಿಸುವ ಅಕ್ಟೋಬರ್ ಚಾಟ್ನಿ ಮಾಡಿ, ಚಿಗುರು ಹೊರಬಂದ ಮೇಲೆ. ಅಷ್ಟೊತ್ತಿಗೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ದ್ರಾಕ್ಷಿ ಬೆಳೆಯಲ್ಲಿ ನನ್ನ ಮನಸ್ಸಿಗೆ ತುಂಬಾ ನಾಟುವುದು ಇದೇ.

ಈ ಅಕ್ಟೋಬರ್ ಚಾಟ್ನಿಯದ್ದೇ ದೊಡ್ಡ ಚಿಂತೆ. ಹಸ್ತ, ಚಿತ್ತಿ, ಸ್ವಾತಿ ಮಳೆಗಳು ಬರುವ ಕಾಲ ಅದು. ಪಕ್ಕದ ಹೊಲದವರು ಬಿಳಿಜೋಳ, ಕಡಲೆ ಹಾಕಿ ಆ ಮಳೆಗೆ ಕೈಮುಗಿದು ಕಾಯುತ್ತಾರೆ. ಬದುವಿನ ಈಚೆ ದ್ರಾಕ್ಷಿಯವರು ಅದೇ ಮಳೆ ಬರದಿರಲಿ ಅಂತ ಬೇಡುತ್ತಾರೆ. ಒಂದೇ ಮನೆಯಲ್ಲಿ ಎರಡೂ ಬೆಳೆ ಇದ್ದರೆ ಏನಂತ ಬೇಡುವುದು, ಹೇಳಿ?

ಮಳೆ ಬಂದರೆ ಏನಾಗುತ್ತದೆ ಅಂದರೆ, ಎಳೆ ಎಲೆ ರಾತ್ರಿಯಿಡೀ ಒದ್ದೆಯಾಗಿ ಉಳಿಯುತ್ತದೆ. ಎಲೆಗೆ ಬೂಜು ಹಿಡಿಸುವ ಡೌನಿ ರೋಗಕ್ಕೆ ಬೇಕಾದದ್ದು ಅಷ್ಟೇ ನೀರು. ಅದರ ಬೀಜಕಣಗಳು ಆ ನೀರಿನ ಪದರದಲ್ಲಿ ಈಜಿ, ಎಲೆಯ ಉಸಿರಾಟದ ರಂಧ್ರಗಳಿಂದ ಒಳಗೆ ಹೋಗುತ್ತವೆ. ಮೊದಲು ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ. ಆಮೇಲೆ ಕೆಳಗಡೆ ಬಿಳಿ ಬೂಜು. ಹೂಗೊನೆಗೆ ತಗುಲಿದರೆ ಗೊನೆ ಪೂರ್ತಿ ಒಣಗಿಹೋಗಬಹುದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಪ್ರವಾಹದ ಮಳೆಯನ್ನು ಉತ್ತರ ಕರ್ನಾಟಕದಲ್ಲಿ ಯಾರು ಮರೆತಿದ್ದಾರೆ? ಅಂಥದ್ದು ಇನ್ನೊಮ್ಮೆ ಬಂದರೆ ಅನ್ನುವ ಭಯ ಪ್ರತಿವರ್ಷ ಆ ಹೊತ್ತಿಗೆ ಎದೆಯಲ್ಲಿ ಇದ್ದೇ ಇರುತ್ತದೆ.

ಹಾಗಾದರೆ ಮಳೆ ಹೋದಮೇಲೆ ಚಾಟ್ನಿ ಮಾಡಿದರಾಯ್ತು, ಅಲ್ವಾ? ಎಷ್ಟೋ ಜನ ಹಾಗೇ ಕಾಯುತ್ತಾರೆ. ಆದರೆ ಚಾಟ್ನಿ ಹಿಂದೆ ಬಿದ್ದಷ್ಟು ಹಣ್ಣೂ ಹಿಂದೆ ಬೀಳುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಅಂದರೆ ಗುಡುಗು, ಆಲಿಕಲ್ಲಿನ ಕಾಲ. ಅತ್ತ ದರಿ, ಇತ್ತ ಪುಲಿ.

ನಡುವಿನ ಚಳಿಗಾಲ ಸಾಮಾನ್ಯವಾಗಿ ಬಳ್ಳಿಯ ಪರವಾಗಿಯೇ ಇರುತ್ತದೆ. ಚಳಿ ಅತಿಯಾದರೆ ಕಾಯಿ ಊದುವುದು ನಿಧಾನವಾಗುತ್ತದೆ. ಮೋಡ ಬಂದರೆ ಬೂದಿ ರೋಗದ ಮೇಲೆ ಕಣ್ಣಿಡಬೇಕು. ಫೆಬ್ರವರಿ ಬಿಸಿಲು ಏರಿದಂತೆ ಹಣ್ಣಿನಲ್ಲಿ ಸಕ್ಕರೆ ತುಂಬುತ್ತದೆ. ಸಿಪ್ಪೆ ತೆಳುವಾಗುತ್ತದೆ. ಆಗ ಒಂದು ಜೋರು ಮಳೆ ಬಂದರೂ ಹಣ್ಣು ನೀರು ಕುಡಿದು ಬಿರಿಯುತ್ತದೆ. ಬಿರಿದ ಒಂದು ಹಣ್ಣು ಗೊನೆಯನ್ನೇ ಕೊಳೆಸುತ್ತದೆ.

ಕೊಯ್ದಮೇಲಾದರೂ ನಿದ್ದೆ ಬರುತ್ತದೆಯೇ? ನಮ್ಮಲ್ಲಿ ಬಹಳಷ್ಟು ಹಣ್ಣು ಒಣದ್ರಾಕ್ಷಿ ಆಗುತ್ತದೆ. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರ ಒಣಗಬೇಕು. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ವಿಜಯಪುರದ ಒಣ ಬಿಸಿಗಾಳಿಯನ್ನು ಊರಿಗೆ ಬಂದವರೆಲ್ಲ ಬೈಯುತ್ತಾರೆ. ಒಣದ್ರಾಕ್ಷಿಗೆ ಆ ಹಸಿರು ಬಣ್ಣ ಉಳಿಸಿಕೊಡುವುದು ಅದೇ ಗಾಳಿ. ಹವೆಯಲ್ಲಿ ತೇವ ಏರಿದರೆ ಬಣ್ಣ ಕಂದಿ ಕಪ್ಪಾಗುತ್ತದೆ, ದರ ಬೀಳುತ್ತದೆ. ಅದಕ್ಕೇ ಮಾರ್ಚ್ ರಾತ್ರಿ ದೂರದಲ್ಲಿ ಮಿಂಚಿದರೂ ಸಾಕು, ಮನೆಮಂದಿಯೆಲ್ಲ ತಾಡಪಾಲು ಹಿಡಿದು ಶೆಡ್ಡಿಗೆ ಓಡುತ್ತಾರೆ.

ಈ ಸಲದ ಆ ಓಟ ಮುಗಿದಿದೆ. ಶೆಡ್ಡುಗಳು ಖಾಲಿಯಾಗುತ್ತಿವೆ. ಮೊದಲು ಚಾಟ್ನಿ ಆದ ತೋಟಗಳಲ್ಲಿ ನಿನ್ನೆ ಮೊನ್ನೆಯಿಂದ ಕಣ್ಣು ಒಡೆಯುತ್ತಿವೆ. ಇನ್ನು ಸುಮಾರು ಒಂದು ತಿಂಗಳಿಗೆ ಆ ಸೂಕ್ಷ್ಮ ದಿನಗಳು. ಆಗ ಆಕಾಶ ತಿಳಿಯಾಗಿರಬೇಕು.

ನಮಸ್ಕಾರ.