ಸಿಗರೇಟು ಬಿಡಿಸುವ ಗುಳಿಗೆ ಮತ್ತು ಮನಸ್ಸಿನ ಅಪಾಯ

ಕೇಳುಗರಿಗೆ ನಮಸ್ಕಾರ.

ಬೀಡಿ, ಸಿಗರೇಟು ಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ವೈದ್ಯರ ಬಳಿಗೆ ಹೋದವರಿಗೆ ಇಂದು ಮುಖ್ಯವಾಗಿ ಮೂರು ಬಗೆಯ ನೆರವು ದೊರೆಯುತ್ತದೆ. ಅಗಿಯುವ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ನಿಕೋಟಿನ್ ಒಂದು, ಬುಪ್ರೋಪಿಯಾನ್ ಎಂಬ ಗುಳಿಗೆ ಇನ್ನೊಂದು, ವಾರೆನಿಕ್ಲಿನ್ ಎಂಬ ಗುಳಿಗೆ ಮತ್ತೊಂದು. ಈ ಕೊನೆಯ ಗುಳಿಗೆಯ ಹೆಸರು ಕೇಳಿದೊಡನೆ, ಅದನ್ನು ನುಂಗಿದವರಿಗೆ ತಲೆ ಕೆಡುತ್ತದಂತೆ, ಸಾಯುವ ಯೋಚನೆ ಬರುತ್ತದಂತೆ ಎಂದು ಹಿಂಜರಿಯುವವರಿದ್ದಾರೆ. ಅದೆಲ್ಲ ಹಳೆಯ ಸುಳ್ಳುಸುದ್ದಿ ಎಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರ ಮಾತೂ ಪೂರ್ತಿ ನಿಜವಲ್ಲ. ಆ ಭಯ ಎಲ್ಲಿಂದ ಹುಟ್ಟಿತು, ಪರೀಕ್ಷೆಗೆ ಒಡ್ಡಿದಾಗ ಅದರಲ್ಲಿ ಎಷ್ಟು ಉಳಿಯಿತು, ಉಳಿದ ಅಪಾಯ ಯಾರ ಪಾಲಿನದು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಿಕೋಟಿನ್ ಮೆದುಳಿನ ಕೆಲವು ನರಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡು, ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವಂತೆ ಮಾಡುತ್ತದೆ. ಒಂದು ದಮ್ಮು ಎಳೆದ ಕೂಡಲೇ ಸಿಗುವ ಹಾಯೆನಿಸುವ ಅನುಭವದ ಮೂಲ ಅಲ್ಲಿದೆ. ವಾರೆನಿಕ್ಲಿನ್ ಕೂಡ ಅದೇ ಗ್ರಾಹಕಗಳಿಗೆ ಅಂಟುತ್ತದೆ. ಆದರೆ ಬಾಗಿಲನ್ನು ಅರ್ಧ ಮಾತ್ರ ತೆರೆದು, ಹೊಸ್ತಿಲಲ್ಲೇ ನಿಂತು, ಹೊರಗಿನವರನ್ನು ಒಳಗೆ ಬಿಡದ ಕಾವಲುಗಾರನ ಹಾಗೆ ವರ್ತಿಸುತ್ತದೆ. ಡೋಪಮೈನ್ ಸ್ವಲ್ಪ ಹೊರಬರುವುದರಿಂದ ಚಡಪಡಿಕೆ ತಗ್ಗುತ್ತದೆ. ಈ ನಡುವೆ ಸಿಗರೇಟು ಸೇದಿದರೂ ನಿಕೋಟಿನ್‌ಗೆ ಅಂಟಲು ಜಾಗವಿಲ್ಲದೆ ಹಿಂದಿನ ಸುಖ ಸಿಗುವುದಿಲ್ಲ. ಇದರ ಕಲ್ಪನೆ ಬಂದದ್ದು ಹಳದಿ ಹೂ ಬಿಡುವ ಲ್ಯಾಬರ್ನಮ್ ಗಿಡದಲ್ಲಿರುವ ಸಿಟಿಸಿನ್ ಎಂಬ ವಸ್ತುವಿನಿಂದ. ಬಲ್ಗೇರಿಯದಲ್ಲಿ 1960ರ ದಶಕದಿಂದಲೂ ಸಿಟಿಸಿನ್ ಗುಳಿಗೆಯನ್ನು ಧೂಮಪಾನ ಬಿಡಿಸಲು ಬಳಸುತ್ತಿದ್ದರು. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಫೈಜರ್ ಕಂಪನಿಯ ರಸಾಯನ ವಿಜ್ಞಾನಿಗಳು ವಾರೆನಿಕ್ಲಿನ್ ಅನ್ನು ರೂಪಿಸಿದರು. 2006ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಅದು ಚಾಂಟಿಕ್ಸ್ ಎಂಬ ಹೆಸರಿನಲ್ಲಿ, ಯೂರೋಪಿನಲ್ಲಿ ಚಾಂಪಿಕ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು.

ಒಪ್ಪಿಗೆಗೆ ಮುಂಚಿನ ಪ್ರಯೋಗಗಳಲ್ಲಿ ಒಂದು ದೊಡ್ಡ ಕೊರತೆ ಇತ್ತು. ಗಂಭೀರ ಮಾನಸಿಕ ಕಾಯಿಲೆ ಇರುವವರನ್ನು ಅವುಗಳಿಂದ ಹೊರಗಿಡಲಾಗಿತ್ತು. ಆದರೆ ಮಾನಸಿಕ ಕಾಯಿಲೆ ಇರುವವರಲ್ಲಿ ಧೂಮಪಾನಿಗಳ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚೆಂಬುದು ಮನೋವೈದ್ಯರಿಗೆಲ್ಲ ಗೊತ್ತಿದ್ದ ಸಂಗತಿ. ಹೀಗಾಗಿ ಗುಳಿಗೆ ಅಂಗಡಿಗೆ ಬಂದಾಗ, ಯಾರ ಮೇಲೆ ಅದನ್ನು ಪರೀಕ್ಷಿಸಿರಲಿಲ್ಲವೋ ಅಂಥವರೇ ದೊಡ್ಡ ಸಂಖ್ಯೆಯಲ್ಲಿ ಅದನ್ನು ಕೊಂಡರು. ಮುಂದಿನ ಗೊಂದಲದ ಬಹುಪಾಲು ಈ ಒಂದು ನಿರ್ಧಾರದಿಂದ ಬಂದದ್ದೆಂದು ನನ್ನ ಎಣಿಕೆ.

ಒಂದು ವರ್ಷ ಕಳೆಯುವಷ್ಟರಲ್ಲಿ ವರದಿಗಳು ಬರತೊಡಗಿದವು. ಗುಳಿಗೆ ಶುರು ಮಾಡಿದ ಕೆಲವು ದಿನಗಳಲ್ಲೇ ವಿಪರೀತ ಸಿಟ್ಟು, ಇಲ್ಲದ್ದನ್ನು ಕಂಡಂತಾಗುವುದು, ಕಾರಣವಿಲ್ಲದ ಸಂಶಯ, ಆಳವಾದ ಖಿನ್ನತೆ, ತಮ್ಮ ಜೀವಕ್ಕೆ ತಾವೇ ಅಪಾಯ ಮಾಡಿಕೊಳ್ಳುವ ಯೋಚನೆ ಮತ್ತು ಪ್ರಯತ್ನ ಇವು ಕಂಡುಬಂದವೆಂದು ರೋಗಿಗಳೂ ಮನೆಯವರೂ ವೈದ್ಯರೂ ಬರೆದು ತಿಳಿಸಿದರು. 2007ರ ಸೆಪ್ಟೆಂಬರಿನಲ್ಲಿ ಡಲ್ಲಾಸ್ ನಗರದ ಸಂಗೀತಗಾರರೊಬ್ಬರು ರಾತ್ರಿ ಹೊತ್ತು ತಮ್ಮದಲ್ಲದ ಮನೆಯೊಂದರ ಬಾಗಿಲನ್ನು ಜೋರಾಗಿ ಬಡಿದು, ಒಳಗಿದ್ದವರು ಹೆದರಿ ಹಾರಿಸಿದ ಗುಂಡಿಗೆ ಬಲಿಯಾದರು. ಅವರು ವಾರೆನಿಕ್ಲಿನ್ ತೆಗೆದುಕೊಳ್ಳುತ್ತಿದ್ದರು, ಆ ರಾತ್ರಿ ಮದ್ಯವನ್ನೂ ಕುಡಿದಿದ್ದರು. ಅದೇ ವರ್ಷ ನವೆಂಬರಿನಲ್ಲಿ ಔಷಧ ಆಡಳಿತ ತನ್ನ ಮೊದಲ ಸೂಚನೆಯನ್ನು ಹೊರಡಿಸಿತು. 2008ರ ಮೇ ತಿಂಗಳಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ವಿಮಾನ ಚಾಲಕರೂ ವಾಯುಸಂಚಾರ ನಿಯಂತ್ರಕರೂ ಈ ಗುಳಿಗೆಯನ್ನು ಬಳಸಕೂಡದೆಂದಿತು. 2009ರ ಜುಲೈ 1ರಂದು ವಾರೆನಿಕ್ಲಿನ್ ಮತ್ತು ಬುಪ್ರೋಪಿಯಾನ್ ಎರಡರ ಮಾಹಿತಿಪತ್ರದಲ್ಲೂ ಕಪ್ಪು ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿಸಬೇಕೆಂಬ ಆದೇಶ ಬಂತು. ಔಷಧವೊಂದನ್ನು ಮಾರುಕಟ್ಟೆಯಿಂದ ಹಿಂತೆಗೆಯದೆ ಆ ದೇಶದಲ್ಲಿ ಕೊಡಬಹುದಾದ ಅತಿ ಕಟುವಾದ ಎಚ್ಚರಿಕೆ ಅದು.

ಕಂಪನಿಯ ನಡೆಯೂ ಅನುಮಾನಕ್ಕೆ ಎಡೆ ಮಾಡಿಕೊಟ್ಟಿತು. ಒಂದೊಂದಾಗಿ, ತಡವಿಲ್ಲದೆ ಆಡಳಿತದ ಗಮನಕ್ಕೆ ಬರಬೇಕಿದ್ದ ನೂರಾರು ಗಂಭೀರ ಪ್ರಕರಣಗಳು ನಿಯತಕಾಲಿಕ ಸಾರಾಂಶಗಳ ಒಳಗೆ ಉಳಿದುಹೋಗಿದ್ದವೆಂದೂ, ಅವುಗಳಲ್ಲಿ 150 ಆತ್ಮಹತ್ಯೆಯ ಪ್ರಕರಣಗಳಿದ್ದವೆಂದೂ 2011ರಲ್ಲಿ ಬೆಳಕಿಗೆ ಬಂತು. ನ್ಯಾಯಾಲಯಗಳಲ್ಲಿ ಸಾವಿರಾರು ದಾವೆಗಳು ದಾಖಲಾಗಿ, ಅವುಗಳ ಬಹುಪಾಲನ್ನು ರಾಜಿಯಲ್ಲಿ ಮುಗಿಸಲು ಕಂಪನಿ ಇಪ್ಪತ್ತೇಳು ಕೋಟಿ ಡಾಲರಿಗೂ ಮೀರಿದ ಹಣವನ್ನು ತೆತ್ತಿತು.

ಇಷ್ಟು ಕೇಳಿದ ಮೇಲೆ ಆ ಗುಳಿಗೆಯ ಸಹವಾಸವೇ ಬೇಡ ಎನಿಸುವುದು ಸಹಜ. ಆದರೆ ಹೀಗೆ ಬಂದ ವರದಿಗಳು ಅನುಮಾನವನ್ನು ಎಬ್ಬಿಸಬಲ್ಲವೇ ಹೊರತು ತೀರ್ಪು ಕೊಡಲಾರವು. ಎಷ್ಟು ಲಕ್ಷ ಜನ ಗುಳಿಗೆ ನುಂಗಿ ಏನೂ ಆಗದೆ ಸುಮ್ಮನಿದ್ದಾರೆಂಬುದು ಆ ವರದಿಗಳಲ್ಲಿ ಇರುವುದಿಲ್ಲ. ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದ ಮರುದಿನದಿಂದ ವರದಿಗಳ ಸಂಖ್ಯೆ ಏರುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಧೂಮಪಾನವನ್ನು ಬಿಡುವುದೇ ಮನಸ್ಸನ್ನು ಕಲಕುವ ಕೆಲಸ. ಯಾವ ಔಷಧವೂ ಇಲ್ಲದೆ ಸಿಗರೇಟು ನಿಲ್ಲಿಸಿದವರಲ್ಲಿಯೂ ಮೊದಲ ವಾರದಲ್ಲಿ ಸಿಡುಕು, ಆತಂಕ, ನಿದ್ದೆಗೇಡು, ಮಂಕು ಕವಿದಂಥ ಬೇಸರ ಕಾಣಿಸಿಕೊಂಡು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಧೂಮಪಾನಿಗಳಲ್ಲಿ ಖಿನ್ನತೆಯೂ ಆತ್ಮಹತ್ಯೆಯ ಪ್ರಮಾಣವೂ ಸೇದದವರಿಗಿಂತ ಮೊದಲಿನಿಂದಲೇ ಹೆಚ್ಚು. ಹಾಗಿರುವಾಗ ಒಬ್ಬ ವ್ಯಕ್ತಿಯ ಮನಸ್ಸು ಕೆಟ್ಟದ್ದು ಗುಳಿಗೆಯಿಂದಲೋ, ನಿಕೋಟಿನ್ ನಿಂತದ್ದರಿಂದಲೋ, ಮೊದಲೇ ಇದ್ದ ಕಾಯಿಲೆಯಿಂದಲೋ ಎಂದು ಆ ಒಂದು ಪ್ರಕರಣವನ್ನಷ್ಟೇ ನೋಡಿ ಹೇಳುವುದು ಎಂಥ ನುರಿತ ವೈದ್ಯರಿಗೂ ಸಾಧ್ಯವಿಲ್ಲ.

ಇದನ್ನು ಬಗೆಹರಿಸಲೆಂದೇ ಔಷಧ ಆಡಳಿತವು ದೊಡ್ಡ ಪ್ರಯೋಗವೊಂದನ್ನು ನಡೆಸುವಂತೆ ತಯಾರಕರಿಗೆ ಆದೇಶಿಸಿತು. ಈಗಲ್ಸ್ ಎಂಬ ಹೆಸರಿನ ಆ ಪ್ರಯೋಗ 16 ದೇಶಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಧೂಮಪಾನಿಗಳೊಂದಿಗೆ ನಡೆದು, ಅದರ ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾಗವಹಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಖಿನ್ನತೆ, ಆತಂಕ, ಬೈಪೋಲಾರ್ ಕಾಯಿಲೆ, ಸ್ಕಿಜೋಫ್ರೇನಿಯಾ ಮೊದಲಾದ ಮಾನಸಿಕ ಕಾಯಿಲೆ ಇದ್ದವರು ಅಥವಾ ಹಿಂದೆ ಅದನ್ನು ಅನುಭವಿಸಿದವರು. ಮೊದಲ ಪ್ರಯೋಗಗಳು ಬಿಟ್ಟಿದ್ದ ಖಾಲಿ ಜಾಗವನ್ನು ಹತ್ತು ವರ್ಷ ತಡವಾಗಿಯಾದರೂ ತುಂಬಲಾಯಿತು. ಯಾರಿಗೆ ವಾರೆನಿಕ್ಲಿನ್, ಯಾರಿಗೆ ಬುಪ್ರೋಪಿಯಾನ್, ಯಾರಿಗೆ ನಿಕೋಟಿನ್ ಪಟ್ಟಿ, ಯಾರಿಗೆ ಔಷಧವೇ ಇಲ್ಲದ ಹುಸಿಗುಳಿಗೆ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯದಂತೆ 12 ವಾರ ಚಿಕಿತ್ಸೆ ನೀಡಿ, ಇನ್ನೂ 12 ವಾರ ಗಮನಿಸಲಾಯಿತು.

ಮಾನಸಿಕ ಕಾಯಿಲೆಯ ಇತಿಹಾಸ ಇಲ್ಲದವರಲ್ಲಿ ಗಂಭೀರ ಮಾನಸಿಕ ತೊಂದರೆ ಕಂಡದ್ದು ವಾರೆನಿಕ್ಲಿನ್ ಪಡೆದವರ ಪೈಕಿ ಶೇ. 1.3 ಜನರಲ್ಲಿ, ಹುಸಿಗುಳಿಗೆ ಪಡೆದವರಲ್ಲಿ ಅದು ಶೇ. 2.4 ಇತ್ತು. ಕಾಯಿಲೆಯ ಇತಿಹಾಸ ಇದ್ದವರಲ್ಲಿ ವಾರೆನಿಕ್ಲಿನ್‌ಗೆ ಶೇ. 6.5, ಬುಪ್ರೋಪಿಯಾನ್‌ಗೆ ಶೇ. 6.7, ನಿಕೋಟಿನ್ ಪಟ್ಟಿಗೆ ಶೇ. 5.2, ಹುಸಿಗುಳಿಗೆಗೆ ಶೇ. 4.9. ಇಡೀ ಪ್ರಯೋಗದಲ್ಲಿ ಸಂಭವಿಸಿದ ಒಂದೇ ಆತ್ಮಹತ್ಯೆ ಹುಸಿಗುಳಿಗೆ ಪಡೆದವರದು. ಇನ್ನು ಫಲದ ವಿಷಯಕ್ಕೆ ಬಂದರೆ, ಒಂಬತ್ತನೆಯ ವಾರದಿಂದ ಇಪ್ಪತ್ತನಾಲ್ಕನೆಯ ವಾರದವರೆಗೆ ಸಿಗರೇಟು ಮುಟ್ಟದೆ ಇದ್ದವರು ವಾರೆನಿಕ್ಲಿನ್ ಗುಂಪಿನಲ್ಲಿ ಶೇ. 21.8, ಹುಸಿಗುಳಿಗೆ ಗುಂಪಿನಲ್ಲಿ ಶೇ. 9.4. ಈ ಫಲಿತಾಂಶವನ್ನು ಮುಂದಿಟ್ಟುಕೊಂಡು ಔಷಧ ಆಡಳಿತದ ಸಲಹಾ ಸಮಿತಿಯ 19 ಸದಸ್ಯರು ಮತ ಹಾಕಿದಾಗ ಕಪ್ಪು ಚೌಕಟ್ಟನ್ನು ತೆಗೆಯಬೇಕೆಂದವರು 10 ಮಂದಿ, ಉಳಿಸಬೇಕೆಂದವರು 5, ಬದಲಿಸಿ ಉಳಿಸಬೇಕೆಂದವರು 4. ಒಮ್ಮತ ಇರಲಿಲ್ಲ ಎಂಬುದನ್ನು ಗಮನಿಸಬೇಕು. 2016ರ ಡಿಸೆಂಬರಿನಲ್ಲಿ ಚೌಕಟ್ಟು ಹೋಯಿತು. ಚೌಕಟ್ಟಿಲ್ಲದ ಎಚ್ಚರಿಕೆಯ ಮಾತು ಮಾಹಿತಿಪತ್ರದ ಒಳಪುಟದಲ್ಲಿ ಇಂದಿಗೂ ಇದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರೆನಿಕ್ಲಿನ್ ಮತ್ತು ಬುಪ್ರೋಪಿಯಾನ್ ಎರಡನ್ನೂ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಭಯಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಈಗಲ್ಸ್ ಪ್ರಯೋಗಕ್ಕೆ ಹಣ ಬಂದದ್ದು ತಯಾರಕ ಕಂಪನಿಗಳಿಂದ. ಅದರಲ್ಲಿ ಸೇರಿಸಿಕೊಂಡದ್ದು ಕಾಯಿಲೆ ಹತೋಟಿಯಲ್ಲಿದ್ದವರನ್ನು ಮಾತ್ರ. ಆಗಷ್ಟೇ ಉಲ್ಬಣಿಸಿದವರನ್ನೂ, ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದವರನ್ನೂ ಅಲ್ಲ. ಹತ್ತಾರು ಸಾವಿರ ಜನರಲ್ಲಿ ಒಬ್ಬರಿಗೆ ಸಂಭವಿಸುವಂಥ ವಿರಳ ಪ್ರತಿಕ್ರಿಯೆಯನ್ನು ಎಂಟು ಸಾವಿರ ಜನರ ಪ್ರಯೋಗ ಹಿಡಿಯಲಾರದು. ಮದ್ಯದ ವಿಚಾರವಂತೂ ಬೇರೆಯಾಗಿಯೇ ನಿಂತಿದೆ: ವಾರೆನಿಕ್ಲಿನ್ ತೆಗೆದುಕೊಳ್ಳುವಾಗ ಕುಡಿದರೆ ಕೆಲವರಿಗೆ ಎಂದಿನ ಪ್ರಮಾಣಕ್ಕೇ ಅಮಲು ವಿಪರೀತ ಏರಿ, ಆಕ್ರಮಣಕಾರಿ ವರ್ತನೆಯೂ ನಡೆದದ್ದೇನೂ ನೆನಪಿಲ್ಲದ ಸ್ಥಿತಿಯೂ ಉಂಟಾಗಬಹುದೆಂದು 2015ರ ಮಾರ್ಚಿನಲ್ಲಿ ಔಷಧ ಆಡಳಿತ ಎಚ್ಚರಿಸಿತು. ಆ ಎಚ್ಚರಿಕೆಯನ್ನು ಯಾರೂ ಹಿಂತೆಗೆದಿಲ್ಲ. ಸಂಜೆಯ ಗ್ಲಾಸಿನ ಜೊತೆಗೇ ಸಿಗರೇಟು ಹಚ್ಚುವ ಅಭ್ಯಾಸ ಇರುವವರು ಒಂದನ್ನು ಬಿಡಲು ಹೊರಟು ಇನ್ನೊಂದನ್ನು ಹಾಗೆಯೇ ಮುಂದುವರಿಸುವುದು ನಮ್ಮಲ್ಲಿ ತೀರ ಸಾಮಾನ್ಯವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಬುಪ್ರೋಪಿಯಾನ್ ಮೂಲತಃ ಖಿನ್ನತೆಯ ಔಷಧ. ಮೂರ್ಛೆರೋಗ ಇರುವವರಿಗೆ ಅದನ್ನು ಕೊಡಕೂಡದು.

ಇನ್ನೊಂದು ಅಪಾಯವಿದೆ. ಅದು ಗುಳಿಗೆಯದಲ್ಲ, ಆದರೆ ಗುಳಿಗೆಯ ಮೇಲೆ ಆರೋಪ ಬರುವಂಥದ್ದು. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ, ಕ್ಲೋಜಪಿನ್, ಒಲಾಂಜಪಿನ್ ಮುಂತಾದ ಮನೋರೋಗದ ಔಷಧಗಳು ದೇಹದಿಂದ ಬೇಗ ಹೊರಹೋಗುವಂತೆ ಮಾಡುತ್ತವೆ. ದಿನವೂ ಸೇದುವ ರೋಗಿಗೆ ವೈದ್ಯರು ಗೊತ್ತುಮಾಡಿದ ಪ್ರಮಾಣ ಈ ಹೊಗೆಯ ಲೆಕ್ಕವನ್ನೂ ಒಳಗೊಂಡಿರುತ್ತದೆ. ಅವರು ಒಮ್ಮೆಲೇ ಬೀಡಿ ನಿಲ್ಲಿಸಿದರೆ ಅದೇ ಪ್ರಮಾಣ ರಕ್ತದಲ್ಲಿ ಏರುತ್ತಾ ಹೋಗಿ ವಿಪರೀತ ಮಂಪರು, ಗೊಂದಲ, ಕ್ಲೋಜಪಿನ್ ಆದರೆ ಫಿಟ್ಸ್ ಕೂಡ ಬರಬಹುದು. ಇದಕ್ಕೆ ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಆದ್ದರಿಂದ ನಿಕೋಟಿನ್ ಪಟ್ಟಿ ಹಾಕಿಕೊಂಡು ಬಿಟ್ಟರೂ ಇದು ತಪ್ಪುವುದಿಲ್ಲ. ಇಂಥ ಔಷಧ ತೆಗೆದುಕೊಳ್ಳುವವರು ಧೂಮಪಾನ ಬಿಡುವ ದಿನವನ್ನು ಮನೋವೈದ್ಯರಿಗೆ ಮೊದಲೇ ತಿಳಿಸಿ, ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು.

ನಮ್ಮಲ್ಲಿ ತೊಡಕಾಗುವುದು ಇಲ್ಲಿಯೇ. ಎಂದೋ ಖಿನ್ನತೆಗೆ ಚಿಕಿತ್ಸೆ ಪಡೆದದ್ದನ್ನು, ತಾಯಿಗೋ ಅಣ್ಣನಿಗೋ ಮಾನಸಿಕ ಕಾಯಿಲೆ ಇದ್ದದ್ದನ್ನು ಸಿಗರೇಟು ಬಿಡಿಸುವ ವೈದ್ಯರ ಮುಂದೆ ಹೇಳಲು ಜನ ನಾಚುತ್ತಾರೆ. ಕೆಲವರು ಹೆಂಡತಿಗೂ ತಿಳಿಸದೆ ಗುಳಿಗೆ ಆರಂಭಿಸುತ್ತಾರೆ. ಗೆಳೆಯನಿಗೆ ಗುಣ ಕೊಟ್ಟಿತೆಂದು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಅದೇ ಗುಳಿಗೆ ಕೇಳಿ ತರುವವರಿಗೆ ಈ ಪ್ರಶ್ನೆಗಳನ್ನು ಕೇಳುವವರೇ ಇರುವುದಿಲ್ಲ. ವಾರೆನಿಕ್ಲಿನ್ ಅನ್ನು ಅರ್ಧ ಮಿಲಿಗ್ರಾಮಿನಿಂದ ಶುರುಮಾಡಿ ಒಂದು ವಾರದಲ್ಲಿ ಹಂತಹಂತವಾಗಿ ಏರಿಸುವುದು ಕ್ರಮ. ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡ ತೀರ ದುರ್ಬಲವಾಗಿರುವವರಿಗೆ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಇದೆಲ್ಲ ಅಂಗಡಿಯ ಕಟ್ಟೆಯ ಮುಂದೆ ನಿಂತು ತೀರ್ಮಾನಿಸುವ ವಿಷಯವಲ್ಲ.

ಗುಳಿಗೆ ಆರಂಭಿಸಿದವರಿಗೆ ಹೊಟ್ಟೆ ತೊಳಸುವುದು, ವಿಚಿತ್ರವಾದ, ಕಣ್ಣಿಗೆ ಕಟ್ಟಿದಂಥ ಕನಸು ಬೀಳುವುದು ಸಾಮಾನ್ಯ; ಇವಕ್ಕೆ ಹೆದರಬೇಕಿಲ್ಲ. ಊಟದ ನಂತರ, ತುಂಬಿದ ಲೋಟ ನೀರಿನೊಂದಿಗೆ ನುಂಗಿದರೆ ತೊಳಸುವುದು ತಗ್ಗುತ್ತದೆ. ಆದರೆ ಮನುಷ್ಯ ಎಂದಿನಂತಿಲ್ಲ, ಮಾತು ನಿಲ್ಲಿಸಿದ್ದಾನೆ ಅಥವಾ ಸಲ್ಲದ ಸಿಟ್ಟು ಮಾಡುತ್ತಿದ್ದಾನೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುತ್ತಾನೆ, ಬದುಕಿ ಪ್ರಯೋಜನವಿಲ್ಲವೆಂಬ ಮಾತು ಆಡುತ್ತಾನೆ ಎಂದು ಮನೆಯವರಿಗೆ ಅನಿಸಿದರೆ, ಅದು ಗುಳಿಗೆಯದೋ ಚಟ ಬಿಟ್ಟ ಸಂಕಟವೋ ಎಂದು ಚರ್ಚಿಸುತ್ತ ಕೂರದೆ ವಾರೆನಿಕ್ಲಿನ್ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಾಣಬೇಕು, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಅವನು ತನ್ನ ಬದಲಾವಣೆಯನ್ನು ತಾನೇ ಗುರುತಿಸುವನೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಗುಳಿಗೆ ಶುರುವಾಗುವ ಮುನ್ನವೇ ಮನೆಯ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು.

ಗುಳಿಗೆ ನಿಲ್ಲಿಸಿದರೆ ಸಿಗರೇಟಿಗೆ ಮರಳಬೇಕೆಂದೇನೂ ಇಲ್ಲ. ನಿಕೋಟಿನ್ ಗಮ್ ಮತ್ತು ಪಟ್ಟಿ ಇವೆ, ಆಪ್ತಸಮಾಲೋಚನೆ ಇದೆ. ಸಿಗರೇಟು ಪ್ಯಾಕಿನ ಮೇಲೆ ಮುದ್ರಿತವಾಗಿರುವ 1800-11-2356 ಎಂಬ ಸಂಖ್ಯೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯದು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು. ಮನಸ್ಸಿಗೆ ಸಂಬಂಧಿಸಿದ ತುರ್ತು ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು. ಎರಡೂ ಕರೆಗಳಿಗೆ ಹಣ ತೆರಬೇಕಿಲ್ಲ.

ನಮಸ್ಕಾರ.