ಗೆಳತೀರು ಎಲ್ಲಿ ಕೂತ್ಕೋತಾರೆ?

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ, ಮೊದಲ್ನೇ ಸಾಲಲ್ಲಿ ಕೂತೋರಿಗೆ ನಾನೇನೂ ಪ್ರಶ್ನೆ ಕೇಳಲ್ಲ. ಇವತ್ತಿನ ಸಿನಿಮಾ ಶುರುವಾಗೋ ಮುಂಚೆ, ಸಿನಿಮಾಗಳಲ್ಲಿ ಹೆಂಗಸ್ರ ಸ್ನೇಹದ ಬಗ್ಗೆ ಸ್ವಲ್ಪ ಮಾತಾಡ್ತೀನಿ.

ಸ್ನೇಹದ ಮೇಲೆ ಒಂದು ಕನ್ನಡ ಹಾಡು ಹೇಳಿ ಅಂದ್ರೆ ನೀವು ಏನಂತೀರ ಅಂತ ಗೊತ್ತು. ಕುಚಿಕು. ದಿಗ್ಗಜರು, 2001, ವಿಷ್ಣುವರ್ಧನ್ ಮತ್ತೆ ಅಂಬರೀಶ್. ನಂಗೂ ಇಷ್ಟಾನೇ ಆ ಹಾಡು, ಮದುವೆ ಮನೆ ಆರ್ಕೆಸ್ಟ್ರಾದೋರು ಶುರು ಮಾಡಿದ್ರೆ ನಾನೂ ಎದ್ದು ಕುಣೀತೀನಿ. ಈಗ ಇಬ್ರು ಹೆಂಗಸ್ರು ಒಬ್ರಿಗೊಬ್ರು ಹಾಡ್ಕೊಳ್ಳೋ ಅಂಥದ್ದೊಂದು ಹೇಳಿ ನೋಡೋಣ. ಹೂಂ, ಯೋಚ್ನೆ ಮಾಡಿ, ಟೈಮಿದೆ. ನಮ್ಮ ಸಿನಿಮಾಗಳಲ್ಲಿ ಹೀರೋಯಿನ್ ಫ್ರೆಂಡ್ ಅಂದ್ರೆ ಕಾಲೇಜ್ ಕಾರಿಡಾರಲ್ಲಿ ಪುಸ್ತಕ ಎದೆಗೊತ್ಕೊಂಡು ಪಕ್ಕದಲ್ಲಿ ನಡೆಯೋಳು, "ಏ, ಅವ್ನು ನಿನ್ನೇ ನೋಡ್ತಿದ್ದಾನೆ ಕಣೇ" ಅನ್ನೋಳು, ಇಂಟರ್ವಲ್ ಆದ್ಮೇಲೆ ಎಲ್ಲೋದ್ಳು ಅಂತ ಡೈರೆಕ್ಟರಿಗೂ ಗೊತ್ತಿರಲ್ಲ.

ಅಮೆರಿಕದ ಕಾರ್ಟೂನಿಸ್ಟ್ ಆಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ಕಾಮಿಕ್ ಸ್ಟ್ರಿಪ್ಪಿನ ಒಂದು ಪಾತ್ರದ ಬಾಯಲ್ಲಿ ಒಂದು ರೂಲ್ ಹೇಳಿಸಿದ್ರು, ನಿಮ್ಮಲ್ಲಿ ಕೆಲವ್ರಿಗೆ ಗೊತ್ತಿರುತ್ತೆ. ಸಿನಿಮಾದಲ್ಲಿ ಕಮ್ಮಿ ಅಂದ್ರೂ ಇಬ್ರು ಹೆಂಗಸ್ರಿರ್ಬೇಕು, ಅವ್ರು ಒಬ್ರ ಜೊತೆ ಒಬ್ರು ಮಾತಾಡ್ಬೇಕು, ಆ ಮಾತು ಗಂಡಸಿನ ವಿಷ್ಯ ಬಿಟ್ಟು ಬೇರೇದಾಗಿರ್ಬೇಕು. ಒಳ್ಳೇ ರೂಲೇ. ಆದ್ರೆ ನಂಗೆ ಮೂರನೇದ್ರ ಮೇಲೆ ಸ್ವಲ್ಪ ತಕರಾರಿದೆ, ಯಾಕಂದ್ರೆ ಗಂಡನ್ನ ಬೈಕೊಳ್ಳದೇ ಇರೋ ಗೆಳತೀರನ್ನ ನಾನಂತೂ ನೋಡಿಲ್ಲ, ಎಷ್ಟೋ ಸ್ನೇಹ ಶುರುವಾಗೋದೇ ಅಲ್ಲಿಂದ. ಹಾಗಾಗಿ ನಾನು ಬೇರೆ ಒಂದು ನೋಡ್ತೀನಿ. ಇವ್ರಿಬ್ರೂ ಎಲ್ಲಿ ಕೂತು ಮಾತಾಡ್ತಿದ್ದಾರೆ?

ಗಂಡಸ್ರಿಗೆ ಅರಳಿಕಟ್ಟೆ ಇದೆ, ಟೀ ಅಂಗಡಿ ಇದೆ, ಸಲೂನಿದೆ, ಬಾರಿದೆ, ಏನೂ ಇಲ್ಲ ಅಂದ್ರೆ ನಿಲ್ಲಿಸಿರೋ ಬೈಕ್ ಮೇಲೆ ಕೂತು ಮೂರು ಗಂಟೆ ಮಾತಾಡ್ತಾರೆ. ನಮ್ಮಮ್ಮ ಪಕ್ಕದ್ಮನೆ ಆಂಟಿ ಜೊತೆ ಹದಿನೈದು ವರ್ಷ ಕಾಂಪೌಂಡ್ ಗೋಡೆ ಆಚೆ ಈಚೆ ನಿಂತೇ ಮಾತಾಡಿದ್ದು, ಕೈಯಲ್ಲಿ ಸೊಪ್ಪು ಬಿಡಿಸ್ತಾ, ಸ್ಟವ್ ಮೇಲಿನ ಹಾಲಿಗೆ ಒಂದು ಕಿವಿ ಇಟ್ಕೊಂಡು, ಆಮೇಲೆ ಸ್ಕೂಟರ್ ಸೌಂಡ್ ಕೇಳ್ತಿದ್ದ ಹಾಗೆ ಮಾತು ಅರ್ಧಕ್ಕೇ ಬಿಟ್ಟು ಇಬ್ರೂ ಒಳಗೆ. ಕೂತಿದ್ದು ನಾನು ನೋಡೇ ಇಲ್ಲ.

ಥೆಲ್ಮಾ ಅಂಡ್ ಲೂಯಿಸ್ ನೋಡಿ, 1991ರ ಹಾಲಿವುಡ್ ಸಿನಿಮಾ. ಡೈರೆಕ್ಟರ್ ರಿಡ್ಲಿ ಸ್ಕಾಟ್, ಗಂಡಸು, ಇರ್ಲಿ, ಆದ್ರೆ ಬರೆದಿದ್ದು ಕ್ಯಾಲಿ ಖೌರಿ, ಅವ್ರ ಮೊದಲ್ನೇ ಸ್ಕ್ರಿಪ್ಟ್, ಅದಕ್ಕೇ ಆಸ್ಕರ್ ಬಂತು. ಒಬ್ಳು ಹೋಟೆಲಲ್ಲಿ ವೇಟ್ರೆಸ್, ಇನ್ನೊಬ್ಳು ಗೃಹಿಣಿ. ವೀಕೆಂಡಿಗೆ ಟ್ರಿಪ್ ಹೋಗ್ಬೇಕು, ಅಷ್ಟೇ ಆಸೆ. ಥೆಲ್ಮಾಗೆ ಗಂಡನ್ನ ಕೇಳೋಕೆ ಧೈರ್ಯ ಸಾಲಲ್ಲ, ಚೀಟಿ ಬರೆದಿಟ್ಟು ಹೊರಟ್ಬಿಡ್ತಾಳೆ. ಎಲ್ರೂ ಕೊನೇ ಸೀನ್ ಬಗ್ಗೆ ಮಾತಾಡ್ತಾರೆ, ಕಾರು, ಕಣಿವೆ, ಅದೆಲ್ಲ. ನಂಗೆ ಈ ಚೀಟೀನೇ ದೊಡ್ಡ ಸೀನ್. ಎರಡು ದಿನ ಫ್ರೆಂಡ್ ಜೊತೆ ಇರೋಕೆ ಕಳ್ಳರ ಥರ ಹೊರಡ್ಬೇಕು, ಆಮೇಲೆ ದಾರೀಲಿ ಒಬ್ಬ ಮೈಮೇಲೆ ಬಿದ್ದು, ಗುಂಡು ಹಾರಿ, ಪೊಲೀಸ್ರು ಹಿಂದೆ ಬಿದ್ದು, ಅವ್ರಿಗೆ ಅಂತ ಉಳಿಯೋ ಒಂದೇ ಜಾಗ ಆ ಓಡೋ ಕಾರು, ನಿಲ್ಲಿಸಿದ್ರೆ ಅದೂ ಇಲ್ಲ.

ಈಗ ನಮ್ಮೂರಿಗೆ ಬರ್ತೀನಿ, ಇವತ್ತು ನಾನು ಬಂದಿದ್ದೇ ಇದಕ್ಕೆ. ಗಿರೀಶ್ ಕಾಸರವಳ್ಳಿಯವ್ರ ಗುಲಾಬಿ ಟಾಕೀಸ್, 2008. ವೈದೇಹಿಯವ್ರ ಕಥೆ ಆಧಾರ, ಆದ್ರೆ ಕಥೇಲಿ ಊರಿಗೆ ಬರೋದು ಸಿನಿಮಾ ಟಾಕೀಸು, ಫಿಲ್ಮಲ್ಲಿ ಅದು ಟೀವಿ ಆಗಿದೆ. ಕುಂದಾಪುರದ ಕಡೆ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಟೈಮು. ಗುಲಾಬಿ ಸೂಲಗಿತ್ತಿ, ಮುಸ್ಲಿಂ, ಗಂಡ ಇನ್ನೊಂದು ಮದುವೆ ಆಗಿ ಇವಳನ್ನ ಬಿಟ್ಟಿದ್ದಾನೆ, ಇವಳಿಗೋ ಸಿನಿಮಾ ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟೀವಿ, ಡಿಶ್ ಆಂಟೆನಾ ಸಿಗುತ್ತೆ. ಉಮಾಶ್ರೀಯವ್ರಿಗೆ ಈ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ಬರ್ದೇ ಇದ್ದಿದ್ರೆ ನಾನೇ ಧರಣಿ ಕೂರ್ತಿದ್ದೆ.

ಟೀವಿ ಬಂದ್ಮೇಲೆ ಏನಾಗುತ್ತೆ ನೋಡಿ. ಊರ ಹೆಂಗಸ್ರು ಒಬ್ಬೊಬ್ರೇ ಬರೋಕೆ ಶುರು ಮಾಡ್ತಾರೆ. ಕೆಲವ್ರು ಸಾಬರ ಮನೆ ಅಂತ ಬರೋದೇ ಇಲ್ಲ, ಕೆಲವ್ರಿಗೆ ಟೀವಿನೂ ಬೇಕು ಒಳಗೆ ಕಾಲಿಡೋದೂ ಬೇಡ, ಹೊರಗಿಂದಾನೇ ಇಣುಕ್ತಾರೆ. ಆ ಹೊರಗೆ ಇರೋರ ಮುಖ ಸರಿಯಾಗಿ ನೋಡಿ, ನಮ್ಮ ನಿಮ್ಮ ಮನೇಲಿ ಕಾಣೋ ಮುಖಾನೇ ಅದು. ಒಳಗೆ ಬರೋರಲ್ಲಿ ನೇತ್ರು ಅಂತ ಒಬ್ಳು, ಗಂಡ ಊರಲ್ಲಿಲ್ಲ, ಅತ್ತೆ ಜೋರು. ಅವಳಿಗೂ ಗುಲಾಬಿಗೂ ಸ್ನೇಹ ಆಗುತ್ತೆ. ವಯಸ್ಸು ಬೇರೆ, ಧರ್ಮ ಬೇರೆ, ಇಬ್ರಿಗೂ ಗಂಡ ಹತ್ರ ಇಲ್ಲ ಅನ್ನೋದೊಂದೇ ಒಂದೇ. ಈ ಸ್ನೇಹ ಸಾಧ್ಯ ಆಗಿದ್ದು ಯಾಕೆ ಅಂದ್ರೆ ಆ ಊರಲ್ಲಿ ಮೊದಲ್ನೇ ಸಲ ಹೆಂಗಸ್ರು ಕೆಲಸ ಇಲ್ದೆ ಕಾಲು ಚಾಚಿ ಕೂರೋಕೆ ಒಂದು ಜಾಗ ಸಿಕ್ಕಿತ್ತು. ಟೀವಿ ಬರೀ ನೆಪ ಕಣ್ರೀ! ಆಮೇಲೆ ಒಂದಿನ ನೇತ್ರು ಕಾಣೆಯಾಗ್ತಾಳೆ, ಎಲ್ರ ಬೆರಳೂ ಗುಲಾಬಿ ಕಡೆಗೆ. ಮೀನುಗಾರಿಕೆ ಜಗಳ, ಟ್ರಾಲರ್ ಅನ್ನೋ ದೊಡ್ಡ ಮೀನು ಬೋಟುಗಳ ಮೇಲಿನ ದ್ವೇಷ, ಹಿಂದು ಮುಸ್ಲಿಂ ಎಲ್ಲಾ ಬಂದು ಆ ಒಂದು ಸಣ್ಣ ಮನೆ ಮೇಲೇ ಬೀಳುತ್ತೆ.

ಹಿಂದಿ ಸಿನಿಮಾ ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ ಬಗ್ಗೆ ಜಾಸ್ತಿ ಹೇಳಲ್ಲ, 2017ರಲ್ಲಿ ಸೆನ್ಸಾರ್ ಬೋರ್ಡು ಸರ್ಟಿಫಿಕೇಟ್ ಕೊಡಲ್ಲ ಅಂದು, ಕಾರಣಗಳಲ್ಲಿ ಇದು ‘ಲೇಡಿ ಓರಿಯೆಂಟೆಡ್’ ಅಂತ ಬರೆದಿತ್ತು, ಅದನ್ನ ಓದಿ ನಾನು ತುಂಬಾ ಹೊತ್ತು ನಕ್ಕಿದ್ದೆ. 1994ರ ತಮಿಳಿನ ಮಗಳಿರ್ ಮಟ್ಟುಂ ಮಾತ್ರ ಸುಮ್ನೆ ಖುಷಿಗೆ ನೋಡಿ, ಆಫೀಸಲ್ಲಿ ಕಾಟ ಕೊಡೋ ಬಾಸ್‌ಗೆ ಮೂರು ಜನ ಸೇರಿ ಬುದ್ಧಿ ಕಲಿಸೋ ಕಾಮಿಡಿ, ಹೆಣವಾಗಿ ಮಲಗಿರೋ ನಾಗೇಶ್ ಒಬ್ರಿಗೋಸ್ಕರಾನೇ ನೋಡ್ಬಹುದು.

ಪಾಯಲ್ ಕಪಾಡಿಯಾ ಅವ್ರ ಆಲ್ ವಿ ಇಮ್ಯಾಜಿನ್ ಆಸ್ ಲೈಟ್, 2024ರಲ್ಲಿ ಕಾನ್ ಫೆಸ್ಟಿವಲ್ಲಲ್ಲಿ ಗ್ರಾಂಡ್ ಪ್ರಿ ತಗೊಂಡಿದ್ದು, ಅದ್ರಲ್ಲೂ ಇದೇ ಜಾಗದ ಕಥೆ. ಮುಂಬೈಲಿ ಮಲಯಾಳಿ ನರ್ಸ್‌ಗಳು ಪ್ರಭಾ ಮತ್ತೆ ಅನು, ಒಂದೇ ರೂಮು. ಪ್ರಭಾ ಗಂಡ ಜರ್ಮನಿಲಿ, ಫೋನೂ ಮಾಡಲ್ಲ, ಒಂದಿನ ಪತ್ರ ಇಲ್ದೆ ಒಂದು ರೈಸ್ ಕುಕ್ಕರ್ ಮನೆಗೆ ಬರುತ್ತೆ, ಅವಳು ರಾತ್ರಿ ಅದನ್ನ ತಬ್ಕೊಂಡು ನೆಲದ ಮೇಲೆ ಕೂರ್ತಾಳೆ. ಅನು ಒಬ್ಬ ಮುಸ್ಲಿಂ ಹುಡುಗನ್ನ ಪ್ರೀತಿಸ್ತಿದ್ದಾಳೆ, ಅವ್ರಿಬ್ರಿಗೂ ಆ ಊರಲ್ಲಿ ಕೂರೋಕೆ ಜಾಗ ಇಲ್ಲ. ಆಸ್ಪತ್ರೆ ಅಡುಗೆ ಕೆಲಸದ ಪಾರ್ವತಿಗೆ ಇರೋ ಮನೇನೇ ಹೋಗ್ತಿದೆ, ಅವಳ ಹೆಸ್ರಲ್ಲಿ ಕಾಗದ ಪತ್ರ ಇಲ್ಲ. ಪಾರ್ವತಿ ಮತ್ತೆ ಪ್ರಭಾ ರಾತ್ರಿ ಬಿಲ್ಡರ್ ಹಾಕಿದ ಬೋರ್ಡಿಗೆ ಕಲ್ಲು ಹೊಡೀತಾರೆ, ಇಷ್ಟು ಚೆಂದದ ಸ್ನೇಹದ ಸೀನ್ ನಾನು ಈಚೆಗೆ ನೋಡಿಲ್ಲ. ಕೊನೆಗೆ ರತ್ನಗಿರಿ ಕಡೆ ಸಮುದ್ರದ ದಡದಲ್ಲಿ, ದೀಪ ಹಾಕಿರೋ ಒಂದು ಸಣ್ಣ ಅಂಗಡೀಲಿ ಎಲ್ರೂ ಕೂರ್ತಾರೆ. ಮೊದ್ಲು ಅನುಗೆ ಬೈದಿದ್ದ ಪ್ರಭಾನೇ ಆ ಹುಡುಗನ್ನೂ ಕರಿ ಅಂತಾಳೆ.

ಗುಲಾಬಿ ಟಾಕೀಸನ್ನ ನಾನು ಅಮ್ಮಂಗೆ ತೋರಿಸಿದ್ದೆ, ಪಕ್ಕದ್ಮನೆ ಆಂಟೀನೂ ಕರ್ಕೊಂಡ್ ಬಂದಿದ್ರು, ಅವತ್ತು ಸೋಫಾ ಮೇಲೆ ಇಬ್ರೂ ಕೂತಿದ್ರು. ಮುಗಿದ್ಮೇಲೆ ನಾನು ಕೋಮುವಾದ, ಜಾಗತೀಕರಣ ಅಂತ ಏನೇನೋ ಶುರು ಮಾಡ್ದೆ. ಅಮ್ಮ ಕೇಳಿಸ್ಕೊಳ್ಳೇ ಇಲ್ಲ.

"ನೇತ್ರು ಎಲ್ಲಿಗೆ ಹೋದ್ಳೇ?"

"ಗುಲಾಬಿಗೆ ಹೇಳೇ ಹೋಗಿರ್ತಾಳೆ ಬಿಡ್ರಿ," ಅಂದ್ರು ಆಂಟಿ, "ಇವ್ಳು ಬಾಯಿ ಬಿಟ್ಟಿಲ್ಲ ಅಷ್ಟೇ."

ಮೂರು ಸಲ ನೋಡಿದ್ರೂ ನಂಗೆ ಅದು ಹೊಳೆದಿರ್ಲಿಲ್ಲ. ಇವತ್ತು ನೀವೂ ಆ ಕಣ್ಣಲ್ಲಿ ನೋಡಿ. ಲೈಟ್ ಆಫ್ ಮಾಡಿಸ್ತೀರಾ?